ಓಡುವ ಕೆಂಪು ಸಾಲು

ಹೋದ ವಾರ ಕಾಕ್ಸ್ ಟೌನಿಗೆ ಹೋಗಬೇಕಾಯಿತು. ಗ್ಯಾಸ್ ಏಜೆನ್ಸಿಯಲ್ಲಿ ಹಳೆಯ ವಿಳಾಸ ಬದಲಿಸುವ ಜುಜುಬಿ ಕೆಲಸ. ಮುಗಿಸಿ ಹೊರಬಂದಾಗ ಸಣ್ಣಗೆ ಹನಿಯುತ್ತಿತ್ತು. ತಿರುವಿನ ಬೇಕರಿಯಲ್ಲಿ ಆಗಷ್ಟೇ ಖಾರ ಬನ್ನಿನ ತಟ್ಟೆ ಹೊರಗೆ ತೆಗೆದಿದ್ದರು. ಹಸಿಮೆಣಸಿನಕಾಯಿ, ಈರುಳ್ಳಿ, ಬೆಣ್ಣೆ ಎಲ್ಲ ಸೇರಿದ ಆ ಬಿಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಕೊಡೆ ಬಿಚ್ಚುವುದನ್ನೂ ಮರೆತು ನಿಂತುಬಿಟ್ಟೆ. ಬೇಕರಿಯ ಹಿಂದಿನ ಬೀದಿಯಲ್ಲಿ, ಹೆಂಚಿನ ಮನೆಯೊಂದರ ಮಹಡಿಯ ರೂಮಿನಲ್ಲಿ ನಾನು ಮೂರು ವರ್ಷ ಇದ್ದೆ. ಆ ಮನೆ ಈಗಿಲ್ಲ, ನಾಲ್ಕು ಅಂತಸ್ತಿನ ಫ್ಲ್ಯಾಟು ಎದ್ದಿದೆ. ಮೂರು ವರ್ಷಗಳಲ್ಲಿ ನನಗೆ ನೆನಪಿರುವುದು ಒಂದೇ ಮಳೆಗಾಲ, ಅದರಲ್ಲೂ ಅದರ ಶುಕ್ರವಾರಗಳು.

ಆಗ ನನಗೆ ಇಪ್ಪತ್ತೆಂಟು. ಇಂದಿರಾನಗರದ ಸಣ್ಣ ಕಂಪನಿಯೊಂದರಲ್ಲಿ ವೆಬ್‌ಸೈಟುಗಳಿಗೆ ಅಂದಚಂದ ಮಾಡುವ ಕೆಲಸ. ಅಕ್ಷರ ಎಷ್ಟು ದೊಡ್ಡದಿರಬೇಕು, ಯಾವ ಬಣ್ಣದಲ್ಲಿರಬೇಕು, ಎಲ್ಲಿ ಎಷ್ಟು ಜಾಗ ಬಿಡಬೇಕು ಎಂದು ನಿರ್ಧರಿಸುವವಳು ನಾನು. ಅಮ್ಮ ಕೆ.ಆರ್. ಪುರದಲ್ಲೇ ಇದ್ದರೂ ಟ್ರಾಫಿಕ್ಕಿನ ನೆಪ ಹೇಳಿ ಬೇರೆ ರೂಮು ಮಾಡಿದ್ದೆ. ನಿಜ ಹೇಳಬೇಕೆಂದರೆ ನನಗೂ ಅಮ್ಮನಿಗೂ ಒಂದೇ ವಿಷಯಕ್ಕೆ ಜಗಳ. ನನಗೆ ಎಲ್ಲವನ್ನೂ ಒಪ್ಪ ಮಾಡುವ ಚಟ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಚೀಟಿಗಳು, ಕಿಟಕಿಯಲ್ಲಿಟ್ಟ ಖಾಲಿ ಡಬ್ಬಿಗಳು, ಯಾರನ್ನೂ ಕೇಳದೆ ಬಿಸಾಡುತ್ತಿದ್ದೆ. "ನೀನು ಕ್ಲೀನ್ ಮಾಡಿದ್ ಮನೇಲಿ ನಂಗೇನೂ ಸಿಗಲ್ಲ ಕಣೇ, ನೀನು ಬೇರೆ ಕಡೆ ಹೋಗಿ ಒಪ್ಪ ಮಾಡ್ಕೋ" ಎಂದು ಅಮ್ಮ ಒಂದು ದಿನ ಕೈಮುಗಿದೇಬಿಟ್ಟಳು.

ಮುಬೀನಾ ಆಪಾ, ಅಂದರೆ ಮುಬೀನಾ ಅಕ್ಕ, ಸಿಕ್ಕಿದ್ದು ಆ ವರ್ಷದ ಜೂನ್ ತಿಂಗಳಲ್ಲಿ, ಶಿವಾಜಿನಗರದ ಗಲ್ಲಿಯೊಂದರ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ. ಆಫೀಸಿನವರ ವಿಸಿಟಿಂಗ್ ಕಾರ್ಡು ಮಾಡಿಸಲು ಹೋಗಿದ್ದೆ. ಮದುವೆ ಕಾರ್ಡುಗಳ ರಾಶಿಯ ನಡುವೆ ಒಬ್ಬ ಹೆಂಗಸು ಕಂಪ್ಯೂಟರಿನ ಗಾಜಿಗೆ ಕನ್ನಡಕ ತಾಗುವಷ್ಟು ಹತ್ತಿರ ಮುಖವಿಟ್ಟು ಅಕ್ಷರ ಜೋಡಿಸುತ್ತಿದ್ದರು. ನಲವತ್ತು ದಾಟಿದ ವಯಸ್ಸು. ನನ್ನ ಕಂಪನಿಯ ಹೆಸರು, ಕೆಲಸ ಎಲ್ಲ ಕೇಳಿಸಿಕೊಂಡವರು ಕುರ್ಚಿ ತಿರುಗಿಸಿದರು.

"ಓಹೋ, ವೆಬ್‌ಸೈಟ್ ಮಾಡೋರು ನೀವೇನಾ? ನಿಮ್ಮನ್ನೇ ಹುಡುಕ್ತಿದ್ದೆ ನಾನು. ಬಿಳೀ ಮೇಲೆ ಬೂದಿ ಬಣ್ಣದಲ್ಲಿ ಇರುವೆ ಸೈಜಲ್ಲಿ ಅಕ್ಷರ ಬರೀತೀರಲ್ಲ, ಯಾರು ಓದ್ಲಿ ಅಂತ?"

ನಾನು ಪೆಚ್ಚಾಗಿ ನಕ್ಕೆ. ಹಿಂದಿನ ವಾರವಷ್ಟೇ ಒಂದು ಆಭರಣದಂಗಡಿಯ ವೆಬ್‌ಸೈಟಿಗೆ ಅದೇ ಬೂದಿ ಬಣ್ಣ ಬಳಿದು ಬಾಸಿನಿಂದ ಶಹಬ್ಬಾಸ್ ಅನ್ನಿಸಿಕೊಂಡಿದ್ದೆ.

ಆಪಾಗೆ ಚಿಕ್ಕಂದಿನಿಂದಲೂ ಕಣ್ಣಿನ ತೊಂದರೆ. ವರ್ಷದಿಂದ ವರ್ಷಕ್ಕೆ ನೋಟ ಕಡಿಮೆಯಾಗುತ್ತಿತ್ತು, ಇನ್ನು ಕೆಲವೇ ವರ್ಷ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಅದಕ್ಕೇ ಅವರು ಸರ್ಕಾರಿ ಇಲಾಖೆಯೊಂದರ ಸಹಾಯಕರ ಹುದ್ದೆಗೆ ಅರ್ಜಿ ಹಾಕಿ ಓದುತ್ತಿದ್ದರು. ವಯಸ್ಸಿನ ರಿಯಾಯಿತಿ ಎಲ್ಲ ಸೇರಿಸಿದರೂ ಅದೇ ಕೊನೆಯ ಅವಕಾಶ. "ಕಣ್ಣಿರೋವಾಗ್ಲೇ ಒಳಗೆ ಸೇರ್ಕೊಂಡ್ಬಿಟ್ರೆ, ಆಮೇಲೆ ಕಣ್ಣು ಹೋದ್ರೂ ಯಾರೂ ಹೊರಗೆ ಹಾಕಂಗಿಲ್ಲ. ಕಾನೂನೇ ಇದೆ" ಎಂದು ಲೆಕ್ಕಾಚಾರ ಹೇಳಿ ನಕ್ಕರು. ಮದುವೆ ಕಾರ್ಡು ಫೋನಿನಲ್ಲೇ ಕಳಿಸುವ ಕಾಲ ಬಂದಮೇಲೆ ಪ್ರೆಸ್ಸು ಎಷ್ಟು ದಿನ ನಡೆದೀತು ಎಂಬುದೂ ಅವರಿಗೆ ಗೊತ್ತಿತ್ತು. ಆದರೆ ಪರೀಕ್ಷೆಯ ಪಾಠ, ಹಳೆಯ ಪ್ರಶ್ನೆಪತ್ರಿಕೆ, ಸುತ್ತೋಲೆ, ಎಲ್ಲವೂ ಇದ್ದದ್ದು ವೆಬ್‌ಸೈಟುಗಳಲ್ಲಿ. ಒಂದು ಪುಟ ಓದುವಷ್ಟರಲ್ಲಿ ತಲೆನೋವು ಬಂದು ಮಲಗಬೇಕಾಗುತ್ತಿತ್ತು. ಓದಿ ಹೇಳುವ ಆ್ಯಪ್ ಇದೆಯಲ್ಲ ಎಂದೆ. "ಇದೆ. ಅದು ಕನ್ನಡ ಓದೋದು ಕೇಳಿದ್ರೆ ನಗು ಬರುತ್ತೆ. ನಾನು ಅಕ್ಷರ ನೋಡ್ಕೊಂಡು ಬೆಳೆದೋಳು, ಇನ್ನ ನಾಕ್ ದಿನ ನೋಡ್ತೀನಿ ಬಿಡು" ಎಂದರು.

ಪ್ರತಿ ವೆಬ್‌ಸೈಟಿಗೂ ಅದನ್ನು ಮಾಡಿದವರು ಒಂದು ವೇಷ ತೊಡಿಸಿ ಕಳಿಸಿರುತ್ತಾರೆ. ಅದನ್ನು ಬರೆದಿಡುವ ಕಡತಕ್ಕೆ ನಾವು ಸ್ಟೈಲ್‌ಶೀಟ್ ಎನ್ನುತ್ತೇವೆ. ಆದರೆ ಓದುವವರು ತಮ್ಮ ಕಂಪ್ಯೂಟರಿನಲ್ಲಿ ತಮ್ಮದೇ ಒಂದು ಸ್ಟೈಲ್‌ಶೀಟ್ ಬರೆದಿಟ್ಟುಕೊಂಡು ಆ ವೇಷವನ್ನು ಬದಲಿಸಿಕೊಳ್ಳಬಹುದು. ಸ್ಕೂಲ್ ಯೂನಿಫಾರ್ಮಿನ ಮೇಲೆ ಮನೆಯ ಸ್ವೆಟರು ಹಾಕಿಕೊಂಡ ಹಾಗೆ. ವೆಬ್‌ಸೈಟಿಗೆ ಏನೂ ಆಗುವುದಿಲ್ಲ, ಉಳಿದವರಿಗೆ ಅದು ಮೊದಲಿನ ಹಾಗೇ ಕಾಣುತ್ತದೆ, ಇವರೊಬ್ಬರಿಗೆ ಮಾತ್ರ ಬೇರೆ. ಇದನ್ನು ಹೇಳಿದಾಗ ಆಪಾಗೆ ನಂಬಿಕೆಯೇ ಬರಲಿಲ್ಲ. "ಗೌರ್ಮೆಂಟ್ ವೆಬ್‌ಸೈಟ್ನೂ ಬದಲಾಯಿಸ್ಬೋದಾ? ಪೊಲೀಸ್ ಬರಲ್ಲ ತಾನೇ?" ಎಂದು ಎರಡು ಸಲ ಕೇಳಿದರು.

ಹಾಗೆ ಶುರುವಾದವು ನಮ್ಮ ಶುಕ್ರವಾರಗಳು. ಮಧ್ಯಾಹ್ನದ ನಮಾಜಿಗೆಂದು ಬಾಗಿಲು ಹಾಕಿದರೆ ಪ್ರೆಸ್ಸು ಆ ದಿನ ಮತ್ತೆ ತೆರೆಯುತ್ತಿರಲಿಲ್ಲ. ನನಗೂ ಅವತ್ತು ಮನೆಯಿಂದಲೇ ಕೆಲಸ. ಮೂರು ಗಂಟೆಗೆ ಮೆಟ್ಟಿಲ ಮೇಲೆ ಅವರ ಚಪ್ಪಲಿಯ ಸದ್ದಾಗುತ್ತಿತ್ತು. ಒಂದು ಕೈಯಲ್ಲಿ ಲ್ಯಾಪ್‌ಟಾಪ್ ಚೀಲ, ಇನ್ನೊಂದರಲ್ಲಿ ಬಿಸಿ ಖಾರ ಬನ್ನು. ಆ ವರ್ಷ ಮಳೆ ಸರಿಯಾಗಿ ಮಧ್ಯಾಹ್ನವೇ ಹಿಡಿಯುತ್ತಿತ್ತು. ಹೆಂಚು ಸೋರುವಲ್ಲಿ ಒಂದು ಬಕೆಟ್ಟು, ಅದರ ಪಕ್ಕದಲ್ಲಿ ಚಾಪೆ, ಚಾಪೆಯ ಮೇಲೆ ನಾವಿಬ್ಬರು. ಮೊದಲ ದಿನ ಹಿನ್ನೆಲೆಯನ್ನು ಕಪ್ಪು ಮಾಡಿ ಅಕ್ಷರವನ್ನು ಹಳದಿ ಮಾಡಿದೆ. ವೆಬ್‌ಸೈಟಿನವರ ನಿಯಮ ಜಗ್ಗದಿದ್ದಾಗ ನನ್ನ ಸಾಲಿನ ಕೊನೆಗೆ 'ಇಂಪಾರ್ಟೆಂಟ್' ಎಂಬ ಗುರುತು ಹಾಕಿದೆ. ಅದು ಹಾಕಿದರೆ ನಮ್ಮ ಮಾತೇ ನಡೆಯುತ್ತದೆ. ಪರದೆ ಕಪ್ಪಾಗಿ, ಹೆಬ್ಬೆರಳಿನಷ್ಟು ದಪ್ಪ ಹಳದಿ ಅಕ್ಷರಗಳು ಮೂಡಿದಾಗ ಆಪಾ ನಿಧಾನವಾಗಿ ಬೆನ್ನು ನೆಟ್ಟಗೆ ಮಾಡಿದರು. ಅವರು ಬೆನ್ನು ನೆಟ್ಟಗಿಟ್ಟುಕೊಂಡು ಓದಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಕಣ್ಣು ತುಂಬಿ ಬಂತು, ಬಕೆಟ್ಟಿನ ನೀರು ಚೆಲ್ಲುವ ನೆಪದಲ್ಲಿ ಎದ್ದುಹೋದೆ.

ಒಂದು ಶುಕ್ರವಾರ ಅವರ ತಂದೆ ಗಫೂರ್ ಸಾಹೇಬರೂ ಬಂದರು. ಎಪ್ಪತ್ತು ದಾಟಿದವರು, ಹರೆಯದಲ್ಲಿ ಸೀಸದ ಅಚ್ಚುಮೊಳೆ ಜೋಡಿಸಿ ಕನ್ನಡ ಪುಸ್ತಕಗಳನ್ನು ಅಚ್ಚು ಮಾಡಿದವರು. ನನ್ನ ಕೈಚಳಕ ನೋಡಿ ಮೆಚ್ಚುತ್ತಾರೆಂದು ಕಾದಿದ್ದೆ. ಅವರು ಹುಬ್ಬು ಗಂಟಿಕ್ಕಿದರು.

"ಅಕ್ಷರ ದೊಡ್ದು ಮಾಡಿದ್ದೀಯ, ಸಾಲಿಗೆ ಉಸಿರಾಡೋಕೆ ಜಾಗ ಬಿಟ್ಟಿಲ್ವಲ್ಲಮ್ಮ. ನೋಡು, ಒತ್ತಕ್ಷರದ ಕಾಲು ಕೆಳಗಿನ ಸಾಲಿನ ತಲೆ ಮೇಲೆ ಬಿದ್ದಿದೆ. ಇಂಗ್ಲಿಷ್‌ಗೆ ನಡೆಯುತ್ತೆ, ಕನ್ನಡಕ್ಕೆ ನಡೆಯಲ್ಲ. ನಾವು ಎರಡು ಸಾಲಿನ ಮಧ್ಯೆ ಸೀಸದ ಪಟ್ಟಿ ಇಡ್ತಿದ್ವಿ."

"ಇಲ್ಲೂ ಪಟ್ಟಿ ಇಡ್ತೀನಿ ಅಂಕಲ್" ಎಂದು ಸಾಲಿನ ಅಂತರವನ್ನು ದುಪ್ಪಟ್ಟು ಮಾಡಿದೆ. "ಹ್ಞಾ" ಎಂದರು. ಐದು ವರ್ಷ ಕಂಪನಿಯಲ್ಲಿ ಕಲಿಯದ್ದನ್ನು ಒಂದು ಬನ್ನು ತಿನ್ನುವಷ್ಟರಲ್ಲಿ ಕಲಿಸಿ ಹೋದರು.

ನನಗೆ ಹುರುಪು ಹತ್ತಿಬಿಟ್ಟಿತು. ವಾರಕ್ಕೊಂದು ವೆಬ್‌ಸೈಟನ್ನು ಹಿಡಿದು ತಿದ್ದತೊಡಗಿದೆ. ಅಂಚಿನ ಹೂಬಳ್ಳಿ ತೆಗೆದೆ, ಎಡಬಲದ ಮಂತ್ರಿಗಳ ಫೋಟೋ ತೆಗೆದೆ, ಎಷ್ಟು ಜನ ನೋಡಿದ್ದಾರೆಂಬ ಅಂಕಿ ತೆಗೆದೆ. ಮುಖ್ಯವಾಗಿ ತಿದ್ದಿದ್ದು ಆಪಾ ಪರೀಕ್ಷೆ ಬರೆಯಬೇಕಿದ್ದ ಇಲಾಖೆಯ ವೆಬ್‌ಸೈಟನ್ನು. ಅದರ ನೆತ್ತಿಯಲ್ಲಿ ಕೆಂಪು ಅಕ್ಷರಗಳ ಸಾಲೊಂದು ಬಲದಿಂದ ಎಡಕ್ಕೆ ಸದಾ ಓಡುತ್ತಿತ್ತು, ಜೊತೆಗೆ 'ಹೊಸತು' ಎಂದು ಮಿಣಮಿಣ ಮಿಂಚುವ ಚುಕ್ಕೆ. ನಮ್ಮ ಸರ್ಕಾರಿ ವೆಬ್‌ಸೈಟುಗಳನ್ನು ನೋಡಿದವರಿಗೆಲ್ಲ ಅದು ಗೊತ್ತು. ಆಪಾ ಹಣೆ ಒತ್ತಿಕೊಂಡರು.

"ಪವಿತ್ರಾ, ಇದು ಓಡೋದನ್ನ ನಿಲ್ಲಿಸೋಕಾಗುತ್ತಾ? ನೋಡಿದ್ರೆ ತಲೆ ಸುತ್ತುತ್ತೆ."

ನಿಲ್ಲಿಸಬಹುದಿತ್ತು. ಆದರೆ ಇಲಾಖೆಯವರು ಅದನ್ನು ಹೆಣೆದಿದ್ದ ರೀತಿ ಹಳೆಯದು, ನಿಲ್ಲಿಸಿ ಎರಡು ಸಾಲಾಗಿ ಮಡಚಲು ಅರ್ಧ ಗಂಟೆಯಾದರೂ ಬೇಕು. ಪೂರ್ತಿ ಮರೆಮಾಡಲು ಒಂದೇ ಸಾಲು ಸಾಕು. ಅವತ್ತು ಓಡುತ್ತಿದ್ದದ್ದು ಯಾವುದೋ ಹಳೆಯ ಟೆಂಡರು ಮತ್ತು ಮುಗಿದುಹೋದ ಹಬ್ಬದ ಶುಭಾಶಯ. ನಾನು ಆ ಒಂದು ಸಾಲು ಬರೆದೆ, ಕೊನೆಗೆ ಇಂಪಾರ್ಟೆಂಟ್ ಎಂದೂ ಹಾಕಿದೆ. ಕೆಂಪು ಸಾಲು ಮಾಯವಾಯಿತು.

"ಅರೆ, ಎಲ್ಲಿ ಹೋಯ್ತು?"

"ಬರೀ ಹಳೇ ಟೆಂಡರ್ ಆಪಾ, ಬಿಡಿ. ಈಗ ನೋಡಿ ಎಷ್ಟು ನೀಟಾಗಿದೆ."

ಆಪಾ ನನ್ನನ್ನು ನಂಬಿ ಬನ್ನು ಮುರಿದು ಅರ್ಧ ಕೊಟ್ಟರು.

ಜುಲೈ ಹೋಯಿತು, ಆಗಸ್ಟ್ ಬಂತು. ಆಪಾ ದಿನಕ್ಕೆ ಐದಾರು ಗಂಟೆ ಓದುತ್ತಿದ್ದರು. ಪ್ರಶ್ನೆ ಕೇಳಲು ನಾನು, ಉತ್ತರ ಹೇಳಲು ಅವರು. ತಪ್ಪಿದರೆ ತೊಡೆಗೆ ತಾವೇ ಹೊಡೆದುಕೊಳ್ಳುತ್ತಿದ್ದರು. ಅರ್ಜಿ ಹಾಕುವಾಗಲೇ ದೊಡ್ಡ ಅಕ್ಷರದ ಪ್ರಶ್ನೆಪತ್ರಿಕೆ ಬೇಕು, ಹೆಚ್ಚುವರಿ ಸಮಯ ಬೇಕು ಎಂದು ಗುರುತು ಮಾಡಿದ್ದರು. ಕಣ್ಣಿನ ತೊಂದರೆ ಇರುವವರಿಗೆ ಆ ಸೌಲಭ್ಯ ಉಂಟು. ಅಷ್ಟು ಸಿಕ್ಕರೆ ಗೆಲ್ಲುತ್ತೇನೆಂಬ ಧೈರ್ಯ ಅವರಿಗಿತ್ತು, ನನಗೂ ಇತ್ತು. ಪರೀಕ್ಷೆಗೆ ಹತ್ತು ದಿನ ಇರುವಾಗ ನನ್ನ ರೂಮಿನಲ್ಲೇ ಹಾಲ್ ಟಿಕೆಟ್ ಇಳಿಸಿಕೊಂಡೆವು. ಹೆಸರು, ಫೋಟೋ ಎಲ್ಲ ಸರಿಯಿತ್ತು. ಕೆಳಗೆ 'ವಿಶೇಷ ಸೌಲಭ್ಯ' ಎಂಬಲ್ಲಿ 'ಇಲ್ಲ' ಎಂದಿತ್ತು.

ಮರುದಿನವೇ ರಜೆ ಹಾಕಿ ಆಪಾ ಜೊತೆ ಇಲಾಖೆಯ ಕಚೇರಿಗೆ ಹೋದೆ. ಕೌಂಟರಿನ ಗುಮಾಸ್ತರು ಕೆಟ್ಟವರೇನಲ್ಲ, ಅರ್ಜಿ ಸಂಖ್ಯೆ ನೋಡಿ ಸಮಾಧಾನವಾಗಿಯೇ ಹೇಳಿದರು. ಸೌಲಭ್ಯ ಕೇಳಿದವರು ವೈದ್ಯರ ಸರ್ಟಿಫಿಕೇಟಿನ ಮೂಲ ಪ್ರತಿಯನ್ನು ಖುದ್ದಾಗಿ ಬಂದು ತೋರಿಸಬೇಕಿತ್ತು. ಕೊನೆಯ ದಿನ ಕಳೆದು ನಾಲ್ಕು ದಿನವಾಗಿದೆ, ಪಟ್ಟಿ ಮೇಲಕ್ಕೆ ಹೋಗಿದೆ.

"ಯಾರಿಗೂ ಹೇಳ್ದೆ ಕೊನೇ ದಿನ ಇಟ್ರೆ ನಮ್ಗೆ ಹೇಗೆ ಗೊತ್ತಾಗ್ಬೇಕು ಸರ್?" ಆಪಾ ಕೇಳಿದರು.

"ಅಯ್ಯೋ, ಹದಿನೈದು ದಿನದಿಂದ ವೆಬ್‌ಸೈಟಲ್ಲಿ ಮೇಲ್ಗಡೆನೇ ಓಡ್ತಿದೆಯಲ್ಲಮ್ಮ. ಕೆಂಪಕ್ಷರದಲ್ಲಿ. ಎಲ್ರೂ ನೋಡ್ಕೊಂಡು ಬಂದು ಕೊಟ್ಟೋಗಿದ್ದಾರೆ."

ನಾನು ಬರೆದಿದ್ದ ಆ ಒಂದು ಸಾಲು ನೆನಪಾಯಿತು. ಆಪಾ ಮಾತ್ರ ಒಂದಿಷ್ಟೂ ಅಳುಕಲಿಲ್ಲ. ಚೀಲದಿಂದ ಲ್ಯಾಪ್‌ಟಾಪ್ ತೆಗೆದು, ಕೌಂಟರಿನ ಮೇಲಿಟ್ಟು, ನನ್ನ ಫೋನಿನ ಇಂಟರ್ನೆಟ್ಟು ಕೇಳಿ ಪಡೆದು, ಇಲಾಖೆಯ ಪುಟ ತೆರೆದರು. "ದಿನಾ ನೋಡ್ತೀನಿ ಸರ್ ನಾನು. ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ. ಎಲ್ಲಿದೆ ತೋರಿಸಿ." ಕಪ್ಪು ಪುಟದ ಮೇಲೆ ದಪ್ಪ ಹಳದಿ ಅಕ್ಷರಗಳು, ಒಪ್ಪವಾಗಿ, ನಾನು ಜೋಡಿಸಿದ ಹಾಗೇ ಇದ್ದವು. ಓಡುವ ಸಾಲು ಎಲ್ಲೂ ಇರಲಿಲ್ಲ.

ಗುಮಾಸ್ತರು ಕನ್ನಡಕ ಏರಿಸಿ ನೋಡಿದರು. "ಇದು ನಮ್ ವೆಬ್‌ಸೈಟ್ ಥರಾನೇ ಇಲ್ವಲ್ರೀ" ಎಂದು ತಮ್ಮ ಕಂಪ್ಯೂಟರನ್ನು ಈ ಕಡೆಗೆ ತಿರುಗಿಸಿದರು. ಅಲ್ಲಿ ಹೂಬಳ್ಳಿ ಇತ್ತು, ಮಂತ್ರಿಗಳಿದ್ದರು, ನೆತ್ತಿಯ ಮೇಲೆ ಕೆಂಪು ಸಾಲು ಓಡುತ್ತಿತ್ತು. ಆಪಾ ಕೌಂಟರಿನ ಮೇಲೆ ಬಗ್ಗಿ ಗಾಜಿಗೆ ಮುಖ ಹಚ್ಚಿದರು. ಅಕ್ಷರ ಬಲದಿಂದ ಎಡಕ್ಕೆ ಓಡಿದ ಹಾಗೆ ಅವರ ಮುಖವೂ ಓಡಿತು. ಸಾಲು ಮುಗಿದು ಮತ್ತೆ ಬಲದಿಂದ ಶುರುವಾದಾಗ ಮುಖವನ್ನು ಬಲಕ್ಕೆ ತಂದು ಮತ್ತೆ ಹಿಂಬಾಲಿಸಿದರು. ಹೀಗೆ ಮೂರು ಸಲ. ಹಿಂದೆ ಸಾಲಿನಲ್ಲಿ ನಿಂತಿದ್ದವರು ಯಾರೋ ನಕ್ಕರು. ಪೂರ್ತಿ ಓದಿ ಮುಗಿಸಿದ ಆಪಾ, "ಇದು ನನ್ನ ಕಂಪ್ಯೂಟರಲ್ಲಿ ಯಾಕೆ ಬರ್ತಿಲ್ಲ?" ಎಂದು ಗುಮಾಸ್ತರನ್ನೇ ಕೇಳಿದರು.

"ಅದನ್ನ ನಾನ್ ಹೇಗೆ ಹೇಳ್ಲಮ್ಮ? ನೋಡ್ಲಿಲ್ಲ ಅಂದ್ರೆ ನೋಡ್ಲಿಲ್ಲ ಅನ್ನಿ. ಸುಮ್ನೆ ಇರ್ಲಿಲ್ಲ ಅಂದ್ರೆ ಹೇಗೆ?"

ಸುಳ್ಳು ಹೇಳುತ್ತಿದ್ದೀರಿ ಎಂದು ಗುಮಾಸ್ತರು ಬಾಯಿಬಿಟ್ಟು ಹೇಳಲಿಲ್ಲ ಅಷ್ಟೇ. ನಾನು ಪಕ್ಕದಲ್ಲೇ ನಿಂತಿದ್ದೆ. ಒಂದು ಮಾತು ಸಾಕಿತ್ತು, ನಾನೇ ತೆಗೆದದ್ದು ಸರ್, ಇವರ ತಪ್ಪಿಲ್ಲ ಎಂದು. ಬಾಯಿಗೆ ಬೀಗ ಬಿದ್ದಿತ್ತು. ಅಷ್ಟು ಜನರ ಮುಂದೆ ಒಪ್ಪಿಕೊಳ್ಳಲು ನನಗೆ ನಾಚಿಕೆಯಾಯಿತು. ಇಂದಿಗೂ ಆ ಕೌಂಟರನ್ನು ನೆನೆದರೆ ಮಾಡಿದ ತಪ್ಪಿಗಿಂತ ಆ ಮೌನವೇ ಹೆಚ್ಚು ಚುಚ್ಚುತ್ತದೆ. ಗುಮಾಸ್ತರು ಸರ್ಟಿಫಿಕೇಟು ನೋಡಿ, ಮೆತ್ತಗಾಗಿ, ಒಳಗೆ ಹೋಗಿ ಸಾಹೇಬರನ್ನು ಕೇಳಿಕೊಂಡು ಬಂದರು. ಆಗುವುದಿಲ್ಲ ಎಂದರು.

ಮಳೆಯಲ್ಲೇ ಶಿವಾಜಿನಗರ ಬಸ್ ನಿಲ್ದಾಣದವರೆಗೆ ನಡೆದೆವು. ಅಲ್ಲಿ, ಬಸ್ಸುಗಳ ಗದ್ದಲದಲ್ಲಿ, ಆ ಸಾಲು ತೆಗೆದದ್ದು ನಾನೇ ಎಂದು ಹೇಳಿದೆ. ಆಪಾ ನನ್ನ ಕಡೆ ತಿರುಗಿದರು. ಆ ದೂರದಿಂದ ನನ್ನ ಮುಖ ಅವರಿಗೆ ಕಾಣುತ್ತಿರಲಿಲ್ಲ ಎಂಬುದು ನನಗೆ ಗೊತ್ತಿತ್ತು.

"ನಾನು ನಿಲ್ಲಿಸು ಅಂದೆ, ಅಲ್ವಾ?"

"ಹೌದು ಆಪಾ."

"ತೆಗಿ ಅಂದ್ನಾ?"

"ಇಲ್ಲ ಆಪಾ."

ಅವರು ಕೊಡೆ ಬಿಚ್ಚಿಕೊಂಡು, ಕಾಲಲ್ಲಿ ಫುಟ್‌ಪಾತಿನ ಅಂಚು ತಡವಿಕೊಂಡು, ಗಲ್ಲಿಯ ಕಡೆ ಹೋದರು. ಹಿಂದೆ ಹೋಗುವ ಧೈರ್ಯ ನನಗಾಗಲಿಲ್ಲ. ಗಣೇಶನ್ನ ಮಾಡು ಅಂದರೆ ಅವರಪ್ಪನ್ನ ಮಾಡಿದ ಎಂದು ಅಮ್ಮ ನನ್ನನ್ನು ಎಷ್ಟೋ ಸಲ ಆಡಿಕೊಂಡಿದ್ದಳು. ಆವರೆಗೂ ಆ ಗಾದೆಗೆ ನಗುತ್ತಿದ್ದೆ.

ಮುಂದಿನ ಶುಕ್ರವಾರ ಆಪಾ ಬರಲಿಲ್ಲ. ಫೋನು ಮಾಡಿದರೆ ಗಫೂರ್ ಸಾಹೇಬರು ಎತ್ತಿ, "ಓದ್ತಿದ್ದಾಳಮ್ಮ" ಎಂದಷ್ಟೇ ಹೇಳಿ ಇಟ್ಟರು. ಪರೀಕ್ಷೆ ಭಾನುವಾರ ಮುಗಿಯಿತು. ಅದಾದ ಶುಕ್ರವಾರ ಮೂರು ಗಂಟೆಗೆ, ನಾನು ಆಸೆ ಬಿಟ್ಟು ಕಿಟಕಿ ಮುಚ್ಚುತ್ತಿದ್ದಾಗ, ಮೆಟ್ಟಿಲ ಮೇಲೆ ಸದ್ದಾಯಿತು. ಆಪಾ ಚಾಪೆಯ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದರು.

"ಆ ನಿನ್ನ ಸ್ಟೈಲ್‌ಶೀಟ್ ತೆಗಿ. ಒಂದೊಂದೇ ಸಾಲು ಓದು. ಯಾವ್ದು ಏನ್ ಮಾಡುತ್ತೆ ಅಂತ ಹೇಳು."

ಓದಿದೆ. ಅವರು ಪ್ರೂಫ್ ತಿದ್ದುವವರ ಹಾಗೆ ಪ್ರತಿ ಸಾಲಿಗೂ ಇರಲಿ, ಬೇಡ ಎನ್ನುತ್ತಾ ಹೋದರು. ನೋಡಿದವರ ಅಂಕಿ ವಾಪಸ್ ಬಂತು. ಹೂಬಳ್ಳಿ ವಾಪಸ್ ಬಂತು, "ಚೆನ್ನಾಗಿರುತ್ತಲ್ಲ, ಇರ್ಲಿ" ಎಂದರು. "ಮಂತ್ರಿ ಫೋಟೋ ಬೇಡ, ಅದೊಂದು ಸರಿಯಾಗೇ ಮಾಡಿದ್ದೀಯ" ಎಂದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೆಂಪು ಸಾಲಿನ ಸರದಿ ಬಂದಾಗ ಕೀಬೋರ್ಡನ್ನು ತಮ್ಮ ಕಡೆಗೆಳೆದುಕೊಂಡು, "ನಿಲ್ಲಿಸೋದು ಹೇಗೆ, ಅದನ್ನ ಕಲಿಸು. ಇನ್ಮೇಲೆ ನಾನೇ ಬರೀತೀನಿ" ಎಂದರು. ಅರ್ಧ ಗಂಟೆ ಎಂದುಕೊಂಡಿದ್ದ ಆ ಕೆಲಸ ಇಬ್ಬರೂ ಸೇರಿ ಮಾಡಿದಾಗ ಇಪ್ಪತ್ತು ನಿಮಿಷ ಹಿಡಿಯಿತು.

ಫಲಿತಾಂಶವನ್ನು ಇಲ್ಲೇ ಹೇಳಿಬಿಡುತ್ತೇನೆ, ಕೊನೆಗೆ ಉಳಿಸಿಕೊಳ್ಳುವ ಮನಸ್ಸಿಲ್ಲ. ಪಟ್ಟಿಯಲ್ಲಿ ಆಪಾ ಹೆಸರಿರಲಿಲ್ಲ. ಎರಡು ವರ್ಷದ ನಂತರ ಪ್ರೆಸ್ಸು ಮುಚ್ಚಿತು, ಅವರು ತಂದೆಯನ್ನು ಕರೆದುಕೊಂಡು ಮೈಸೂರಿನ ತಂಗಿಯ ಮನೆಗೆ ಹೋದರು. ಈಗ ಕಣ್ಣಿಗೆ ಬೆಳಕು ಕತ್ತಲು ಬಿಟ್ಟು ಬೇರೇನೂ ತಿಳಿಯದು. ಆಗಾಗ ಫೋನು ಮಾಡುತ್ತಾರೆ. ಆ ಓದಿ ಹೇಳುವ ಆ್ಯಪಿನ ಕನ್ನಡವನ್ನು ಅಣಕಿಸಿ ನಗಿಸುತ್ತಾರೆ. ನಾನು ನಗುತ್ತೇನೆ.

ಆದರೆ ಆ ಶುಕ್ರವಾರ ಇನ್ನೂ ಮುಗಿದಿರಲಿಲ್ಲ. ಆಪಾ ಚೀಲದಿಂದ ಪರೀಕ್ಷೆಯ ಪ್ರಶ್ನೆಪತ್ರಿಕೆ ತೆಗೆದು ನನ್ನ ಮಡಿಲಿಗೆ ಹಾಕಿದರು. ಸಣ್ಣ ಅಕ್ಷರದ್ದು, ಎಲ್ಲರಿಗೂ ಕೊಟ್ಟದ್ದೇ. ಭೂತಗನ್ನಡಿ ಹಿಡಿದು ಓದುತ್ತಾ ಹೋಗಿದ್ದಾರೆ, ಬೆಲ್ಲು ಹೊಡೆದಾಗ ಕೊನೆಯ ಇಪ್ಪತ್ತೆರಡು ಪ್ರಶ್ನೆ ಉಳಿದಿವೆ.

"ಇವನ್ನ ನಾನು ನೋಡೇ ಇಲ್ಲ. ಓದು."

ಇವತ್ತು ಯಾಕೆ ಆಪಾ ಎಂದೆ. ಓದು ಎಂದರು. ಓದಿದೆ. ಒಂದು ಪ್ರಶ್ನೆ, ನಾಲ್ಕು ಉತ್ತರ. ನಾನು ನಾಲ್ಕನ್ನೂ ಓದಿ ಮುಗಿಸುವ ಮೊದಲೇ ಕಣ್ಣು ಮುಚ್ಚಿಕೊಂಡು ಸರಿಯಾದದ್ದನ್ನು ಹೇಳಿಬಿಡುತ್ತಿದ್ದರು. ನಾನು ಪೆನ್ಸಿಲಿನಲ್ಲಿ ಗುರುತು ಹಾಕಿದೆ. ಹತ್ತು ದಾಟಿತು, ಹದಿನೈದು ದಾಟಿತು, ಅವರು ಒಂದು ಸಲವೂ ತಡವರಿಸಲಿಲ್ಲ. ಆಮೇಲೆ ಇಲಾಖೆಯವರು ಹಾಕಿದ್ದ ಉತ್ತರಗಳ ಜೊತೆ ತಾಳೆ ನೋಡಿದೆವು. ಇಪ್ಪತ್ತೆರಡರಲ್ಲಿ ಇಪ್ಪತ್ತೊಂದು ಸರಿಯಿದ್ದವು.

ತಪ್ಪಿದ ಆ ಒಂದಕ್ಕಾಗಿ ಆಪಾ ಮಳೆ ನಿಲ್ಲುವವರೆಗೂ ತೊಡೆಗೆ ಹೊಡೆದುಕೊಂಡು ತಮ್ಮನ್ನು ತಾವೇ ಬೈದುಕೊಂಡರು. ಉಳಿದ ಇಪ್ಪತ್ತೊಂದಕ್ಕಾಗಿ ನನ್ನನ್ನು ಒಂದು ಮಾತೂ ಬೈಯಲಿಲ್ಲ.